ಇಬ್ಬರಿಗೆಂದು ತೆರೆದ ಅಂಗಡಿ

ಜೂನ್ ೩, ಸೋಮವಾರ

ಕೊನೆಗೂ ಅಂಗಡಿ ತೆರೆದೆವು. ಷಟರ್ ಎತ್ತಿದವಳು ನನ್ನ ಗೆಳತಿ ಗಡಿಬಿಡಿ. ನಾನು ಪಕ್ಕದಲ್ಲಿ ಬೀಗ ಹಿಡಿದುಕೊಂಡು, ಯಾರದೋ ಮನೆಗೆ ಕನ್ನ ಹಾಕಲು ಬಂದವಳ ಹಾಗೆ ಅತ್ತಿತ್ತ ನೋಡುತ್ತ ನಿಂತಿದ್ದೆ.

ಮೊದಲು ಫೋಟೋ ಸ್ಟುಡಿಯೋ ಇದ್ದ ಜಾಗ ಇದು. ಹಿಂದಿನ ಗೋಡೆಯ ತುಂಬ ಕೆರೆ, ಬೆಟ್ಟ, ಎರಡು ಬಾತುಕೋಳಿಗಳ ಚಿತ್ರ ಹಾಗೇ ಉಳಿದಿದೆ. ಸುಣ್ಣ ಹೊಡೆಸೋಣ ಎಂದೆ. "ಇರ್ಲಿ ಬಿಡೆ, ಗಿರಾಕಿ ಬರದಿದ್ರೆ ಇಬ್ರೂ ಕೆರೆ ನೋಡ್ಕೊಂಡು ಕೂತ್ಕೋಬಹುದು" ಅಂದಳು.

ಅವಳ ನಿಜವಾದ ಹೆಸರು ಹಿಡಿದು ಕಾರ್ಖಾನೆಯಲ್ಲೂ ಯಾರೂ ಕರೆಯುತ್ತಿರಲಿಲ್ಲ. ಎಲ್ಲದಕ್ಕೂ ಆತುರ, ಅದಕ್ಕೇ ಗಡಿಬಿಡಿ. ಸೋಫಾ ಕಾರ್ಖಾನೆಗೆ ನಾವಿಬ್ಬರೂ ಮದುವೆಯಾದ ಹೊಸದರಲ್ಲಿ ಸೇರಿದವರು. ನಾನು ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದೆ. ಅವಳು ಅದನ್ನು ಕುರ್ಚಿಯ ಮೇಲೆ ಎಳೆದು, ಪಿನ್ನು ಹೊಡೆದು ಬಿಗಿಯುತ್ತಿದ್ದಳು. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಗೇಟಿನ ಬಳಿ ಅಳುತ್ತಿದ್ದಾಗ ಇವಳು ನನ್ನ ಕೈ ಹಿಡಿದು, "ಅಳೋದು ಆಮೇಲೆ. ನಿನ್ನ ಕತ್ತರಿ, ನನ್ನ ಸುತ್ತಿಗೆ. ಹಳೇ ಕುರ್ಚಿ ಇಲ್ಲದ ಮನೆ ಯಾವುದಿದೆ ಹೇಳು" ಎಂದಿದ್ದಳು.

ನಮ್ಮತ್ತೆ ಬೆಳಿಗ್ಗೆ ನಾನು ಹೊರಡುವಾಗ, "ಮನುಷ್ಯರಿಗೆ ಹೊಲಿಯೋದು ಕೇಳಿದೀನಿ. ಕುರ್ಚಿಗೆ ಅಂಗಿ ಹೊಲಿಯೋಕೂ ಒಂದು ಅಂಗಡಿಯಾ" ಅಂದರು. ಆದರೂ ಬಾಗಿಲವರೆಗೆ ಬಂದು ನಿಂತಿದ್ದರು.

ಗಡಿಬಿಡಿಗೆ ಹೇಳಿದರೆ ನಗುತ್ತಾಳೆ. ನಮ್ಮ ಯಜಮಾನರಿಗೆ ಹೇಳಿದರೆ ಇವರು ಊಟ ಬಿಟ್ಟು ಚಿಂತೆ ಮಾಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತೇನೆ. ನನಗೆ ಹೆದರಿಕೆಯಾಗುತ್ತಿದೆ.

ಜೂನ್ ೬, ಗುರುವಾರ

ಮೊದಲ ಗಿರಾಕಿ. ವಯಸ್ಸಾದ ಮೇಷ್ಟ್ರೊಬ್ಬರು ತಮ್ಮ ತೋಳುಕುರ್ಚಿಯನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಗಡಿಬಿಡಿ ಚಹಾ ತರಲು ಹೋಗಿದ್ದಳು. ಅವರು ಒಳಗೆ ಕಾಲಿಡುವುದನ್ನು ಕಂಡದ್ದೇ ತಡ, ನಾನು ಡಾರ್ಕ್ ರೂಮಿಗೆ ನುಗ್ಗಿದೆ. ಸ್ಟುಡಿಯೋದವರು ಫೋಟೋ ತೊಳೆಯುತ್ತಿದ್ದ ಕೋಣೆ ಅದು. ಕಿಟಕಿಯಿಲ್ಲ, ಗೋಡೆಗೆಲ್ಲ ಕಪ್ಪು ಬಣ್ಣ. ಉಸಿರು ಬಿಗಿಹಿಡಿದು ನಿಂತೆ. ಹೊರಗೆ ಅವರು "ಯಾರಾದ್ರೂ ಇದ್ದೀರಾಮ್ಮಾ?" ಎನ್ನುತ್ತಿದ್ದಾರೆ. ನನ್ನ ಅಂಗಡಿಯಲ್ಲಿ ನಾನೇ ಕಳ್ಳಿ.

ಗಡಿಬಿಡಿ ಬಂದು ಎಲ್ಲ ಮಾತಾಡಿದಳು. ಕುರ್ಚಿ ಯಾರು ಮಾಡಿದ್ದು, ಅವರ ಸೊಂಟ ಎಲ್ಲಿ ನೋಯುತ್ತದೆ, ಓದುವಾಗ ಯಾವ ಕಡೆ ವಾಲುತ್ತಾರೆ, ಎಲ್ಲ ಕೇಳಿದಳು. ಅವರು ಹೋದ ಮೇಲೆ ಡಾರ್ಕ್ ರೂಮಿನ ಬಾಗಿಲು ತಟ್ಟಿ, "ಫೋಟೋ ತೊಳೆದಾಯ್ತಾ? ಚಹಾ ಆರೋಗುತ್ತೆ, ಬಾ ಆಚೆ" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಾರ್ಖಾನೆಯಲ್ಲಿ ತಪ್ಪಾದರೆ ಮೇಸ್ತ್ರಿ ಬೈಯುತ್ತಿದ್ದ, ಸಂಜೆಗೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಈಗ ತಪ್ಪು ನನ್ನ ಜೊತೆ ಮನೆಗೆ ಬಂದು ಊಟದ ತಟ್ಟೆಯ ಪಕ್ಕ ಕೂರುತ್ತದೆ. ಇನ್ನೂ ಮಾಡಿರದ ತಪ್ಪು ಕೂಡ.

ಜೂನ್ ೧೫, ಶನಿವಾರ

ಮೇಷ್ಟ್ರ ಕುರ್ಚಿಯ ಕೆಲಸ ಮುಗಿಯಿತು. ಅವರು ಅದರಲ್ಲಿ ಕೂತು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಏಳಲೇ ಇಲ್ಲ. ಆಮೇಲೆ ಅವರ ಕಡೆಯಿಂದ ಹಲ್ಲಿನ ಡಾಕ್ಟರು ಬಂದರು. ಅವರ ಕ್ಲಿನಿಕ್ಕಿನಲ್ಲಿ ಕಾಯುವವರ ಕುರ್ಚಿಗಳು. "ಭಯದಲ್ಲಿ ಕೂತು ಕೂತು ಕುರ್ಚಿ ಕೈಗಳ ರೆಕ್ಸಿನ್ನೆಲ್ಲ ಉಗುರಲ್ಲಿ ಕಿತ್ತಿದ್ದಾರೆ" ಎಂದು ಡಾಕ್ಟರೇ ನಕ್ಕರು. ಆ ಗೀರುಗಳನ್ನು ನೋಡಿ ಯಾರೋ ನಮ್ಮವರನ್ನು ಕಂಡಂತಾಯಿತು ನನಗೆ.

ಗಡಿಬಿಡಿ ಕೆಲಸ ಮಾಡುವಾಗ ಮೊಬೈಲಿನಲ್ಲಿ ಯಶಸ್ಸಿನ ಭಾಷಣ ಹಾಕಿಕೊಳ್ಳುತ್ತಾಳೆ. ಕೋಟು ಹಾಕಿದ ಒಬ್ಬ ಮನುಷ್ಯ, ಹೆದರಿಕೆಯನ್ನು ಗೆಲ್ಲಿ, ದೊಡ್ಡ ಕನಸು ಕಾಣಿ ಎಂದು ಗಂಟಲು ಹರಿದುಕೊಳ್ಳುತ್ತಾನೆ.

"ಈ ಪುಣ್ಯಾತ್ಮ ಯಾವ ಅಂಗಡಿ ಇಟ್ಟಿದ್ದಾನೆ?" ಎಂದು ಕೇಳಿದೆ.

"ಭಾಷಣದ ಅಂಗಡಿ. ಅದರಲ್ಲಿ ಬಂಡವಾಳ ಗಂಟಲೊಂದೇ" ಅಂದಳು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆದರೂ ಅವಳು ಅದನ್ನು ನಿಲ್ಲಿಸಲಿಲ್ಲ. ಅವಳಿಗೆ ಅದೆಲ್ಲ ಯಾಕೆ ಬೇಕೋ. ಹೆದರಿಕೆ ಎಂಬುದು ಅವಳ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಜೂನ್ ೨೪, ಸೋಮವಾರ

ಫೋಮಿನ ವ್ಯಾಪಾರಿ ಹೇಳಿದ್ದಕ್ಕಿಂತ ತೆಳ್ಳಗಿನ ಮಾಲು ಕಳಿಸಿದ್ದಾನೆ. ಫೋನ್ ಮಾಡು ಎಂದಳು. ನಂಬರು ಒತ್ತಿ, ಅವನು "ಹಲೋ" ಅಂದ ತಕ್ಷಣ ಇಟ್ಟುಬಿಟ್ಟೆ. ಕೊನೆಗೆ ಅವಳೇ ಮಾಡಿದಳು. ನಾನು ಅಷ್ಟೊತ್ತೂ ಇಲ್ಲದ ಕಸ ಗುಡಿಸಿದೆ.

ಜುಲೈ ೨, ಮಂಗಳವಾರ

ಇವತ್ತಿನದನ್ನು ಬರೆಯಲು ಕೈ ಓಡುತ್ತಿಲ್ಲ.

ಪೇಟೆಯ ಹಳೆಯ ಟಾಕೀಸನ್ನು ಮತ್ತೆ ತೆರೆಯುತ್ತಾರಂತೆ. ಅದರ ಮ್ಯಾನೇಜರು ಬಂದಿದ್ದರು. ಸೊಂಟದಲ್ಲಿ ದೊಡ್ಡ ಬೀಗದಕೈ ಗೊಂಚಲು, ನಡೆದರೆ ಗಾಡಿ ಬಂದ ಹಾಗೆ ಸದ್ದು. ಮೇಷ್ಟ್ರ ಪಕ್ಕದ ಮನೆಯವರು. ಆ ಕುರ್ಚಿಯಲ್ಲಿ ಕೂತು ನೋಡಿ ಬಂದಿದ್ದಾರೆ. ಟಾಕೀಸಿನ ಸೀಟುಗಳಿಗೆಲ್ಲ ಹೊಸ ಫೋಮು, ಹೊಸ ಬಟ್ಟೆ ಆಗಬೇಕಂತೆ. ಮುನ್ನೂರಕ್ಕೂ ಮೇಲೆ.

"ಆಗುತ್ತೇನಮ್ಮಾ ನಿಮ್ಮ ಕೈಲಿ?"

"ಆಗದೆ ಏನು ಸಾರ್" ಅಂದಳು ಗಡಿಬಿಡಿ. ನನ್ನ ಮುಖ ಸಹ ನೋಡಲಿಲ್ಲ.

ಜುಲೈ ೪, ಗುರುವಾರ

ಟಾಕೀಸು ನೋಡಿ ಬಂದೆವು. ಮ್ಯಾನೇಜರು ದೀಪ ಹಾಕಿದರು. ಧೂಳು, ಇಲಿ ಹಿಕ್ಕೆಯ ವಾಸನೆ. ಸಾಲು ಸಾಲು ಸೀಟು, ಕೆಲವಕ್ಕೆ ಹೊಟ್ಟೆ ಬಿರಿದು ಹಳದಿ ಫೋಮು ಹೊರಗೆ ಬಂದಿದೆ. ಗಡಿಬಿಡಿ ಹುಡುಗಿಯ ಹಾಗೆ ಓಡಾಡಿದಳು. ಮುಂದಿನ ಸಾಲಿನಲ್ಲಿ ಕೂತಳು, ಹಿಂದಿನದರಲ್ಲಿ ಕೂತಳು, ಬಾಲ್ಕನಿಗೆ ಹತ್ತಿ ಅಲ್ಲಿಂದ ಕೈಬೀಸಿದಳು. "ಇಡೀ ಊರು ನಮ್ಮ ಹೊಲಿಗೆ ಮೇಲೆ ಕೂತು ಅಳುತ್ತೆ ಕಣೆ, ನಗುತ್ತೆ" ಎಂದು ಮೇಲಿನಿಂದ ಕೂಗಿದಳು. ಅವಳ ದನಿ ಖಾಲಿ ಹಾಲಿನಲ್ಲಿ ಎರಡೆರಡು ಸಲ ಕೇಳಿಸಿತು.

ನನಗೆ ಕಂಡದ್ದೇ ಬೇರೆ. ತೆರೆದ ದಿನ ಹೊಲಿಗೆ ಬಿಟ್ಟುಕೊಂಡ ಸೀಟು, ಎದ್ದು ನಿಂತು ನಗುವ ಜನ, ಮ್ಯಾನೇಜರು ನಮ್ಮ ಅಂಗಡಿಗೆ ನುಗ್ಗುವುದು, ಇವರು ಕಚೇರಿಯಲ್ಲಿ ತಲೆ ತಗ್ಗಿಸಿ ಕೂರುವುದು. ಅಷ್ಟು ಬಟ್ಟೆ ಕತ್ತರಿಸುವವಳು ನಾನು. ಒಂದು ಅಳತೆ ತಪ್ಪಿದರೆ ಎಲ್ಲವೂ ತಪ್ಪು.

ಸೋಮವಾರ ಬಟ್ಟೆಯ ಮಾದರಿ ತೆಗೆದುಕೊಂಡು ಬನ್ನಿ, ಅಂದೇ ಖಾತ್ರಿ ಮಾಡೋಣ ಎಂದಿದ್ದಾರೆ ಮ್ಯಾನೇಜರು.

ಜುಲೈ ೫, ಶುಕ್ರವಾರ

ಇವರನ್ನು ಕೇಳಿದೆ. ಇವರು ನೀರು ಸರಬರಾಜು ಕಚೇರಿಯ ಗುಮಾಸ್ತರು, ಯಾವುದಕ್ಕೂ ಎರಡು ಸಲ ಓದದೆ ಸಹಿ ಹಾಕುವವರಲ್ಲ. "ಯೋಚನೆ ಮಾಡಿ ಮಾಡು" ಅಂದರು. ಅಂದರೆ ಬೇಡ ಅಂತಲೇ ಅರ್ಥ.

ಗಡಿಬಿಡಿ ಇಡೀ ದಿನ ಬಟ್ಟೆ ಅಂಗಡಿ ಸುತ್ತಿ ಮಾದರಿ ತಂದಳು. ಕೆಂಪು ಒಳ್ಳೆಯದಾ, ನೀಲಿ ಒಳ್ಳೆಯದಾ ಎಂದು ಕೇಳಿದಳು. ನೀಲಿ ಎಂದೆ. ನನಗೆ ಬೇಡ ಎಂದು ಹೇಳಲು ನಾಲ್ಕು ಸಲ ಬಾಯಿ ತೆರೆದೆ. ಅವಳು ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಳು. ಹೇಗೆ ಹೇಳಲಿ.

ಜುಲೈ ೬, ಶನಿವಾರ

ಫೋನ್ ಮಾಡಿಬಿಟ್ಟೆ.

ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಾಗ, ಡಾರ್ಕ್ ರೂಮಿನಲ್ಲಿ ನಿಂತು, ಟಾಕೀಸಿನ ಮ್ಯಾನೇಜರಿಗೆ. ನಮ್ಮ ಕೈಲಿ ಅಷ್ಟು ದೊಡ್ಡ ಕೆಲಸ ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. "ಆವತ್ತು ಅಷ್ಟು ಉತ್ಸಾಹದಲ್ಲಿದ್ರಲ್ಲಮ್ಮ" ಎಂದರು. ಅದು ಅವಳು, ನಾನಲ್ಲ ಎನ್ನಲಿಲ್ಲ. "ನಾನು ಹೇಳಿದ್ದು ಅವಳಿಗೆ ಗೊತ್ತಾಗೋದು ಬೇಡ" ಎಂದೆ. ಅವರು "ಸರಿ" ಅಂದರು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಬ್ಬರನ್ನೂ ಉಳಿಸಿದೆ. ಮುಳುಗುವುದಕ್ಕಿಂತ ಇದೇ ವಾಸಿ. ಇವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜುಲೈ ೮, ಸೋಮವಾರ

ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಮಾದರಿಗಳನ್ನು ಎದೆಗವಚಿಕೊಂಡು ಹೋದಳು. ತಲೆನೋವು ಎಂದು ನಾನು ಹೋಗಲಿಲ್ಲ. ಬೇಗನೆ ವಾಪಸ್ಸು ಬಂದಳು.

"ಬೇರೆಯೋರಿಗೆ ಕೊಡ್ತಾರಂತೆ" ಅಂದಳು. ಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಕಾಲು ಒತ್ತಿಕೊಂಡಳು. "ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ. ನಾನೇ ಆವತ್ತು ಜಾಸ್ತಿ ಮಾತಾಡಿಬಿಟ್ಟೆ ಅನ್ಸುತ್ತೆ. ಬಾಲ್ಕನಿ ಹತ್ತಿ ಕೂಗಬಾರದಿತ್ತು. ಇವಳೆಂಥ ಹೆಂಗಸು ಅಂದ್ಕೊಂಡಿರ್ತಾರೆ."

ನಾನು ಅವಳು ತಂದಿಟ್ಟ ಮಾದರಿಗಳನ್ನು ಮಡಿಸತೊಡಗಿದೆ.

"ನನ್ನ ಬಾಯಿಂದ ನಿನಗೂ ನಷ್ಟ ಆಯ್ತು" ಅಂದಳು.

ಆಗಲಾದರೂ ಹೇಳಬಹುದಿತ್ತು.

ಜುಲೈ ೧೧, ಗುರುವಾರ

ಗಿರಾಕಿ ಬಂದರೆ ಗಡಿಬಿಡಿ ಮೊದಲಿನ ಹಾಗೆ ಮಾತಾಡುತ್ತಿಲ್ಲ. ಒಂದು ಮಾತಾಡಿ, ಹೆಚ್ಚಾಯಿತೇನೋ ಎಂದು ನನ್ನ ಕಡೆ ನೋಡುತ್ತಾಳೆ. ನಾನು ಹೊಲಿಗೆ ಯಂತ್ರದ ಸೂಜಿ ನೋಡುತ್ತೇನೆ.

ಜುಲೈ ೧೯, ಶುಕ್ರವಾರ

ಗೊತ್ತಾಯಿತು ಅವಳಿಗೆ.

ಪೇಟೆಯಲ್ಲಿ ಮ್ಯಾನೇಜರು ಸಿಕ್ಕಿದ್ದಾರೆ. ಇವಳು ಅಡ್ಡಗಟ್ಟಿ, "ಸಾರ್, ನನ್ನದೇನು ತಪ್ಪಾಯ್ತು ಹೇಳಿ, ಮುಂದಕ್ಕೆ ತಿದ್ಕೋತೀನಿ" ಎಂದು ಕೇಳಿದ್ದಾಳೆ. ಆ ಮನುಷ್ಯನಿಗೆ ತಡೆಯಲಾಗಲಿಲ್ಲವಂತೆ.

ಒಳಗೆ ಬಂದವಳೇ, ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಮೊಬೈಲಿನ ಭಾಷಣ ನಿಲ್ಲಿಸಿದಳು. "ನೀನೇ ಫೋನ್ ಮಾಡಿದ್ಯಾ?" ಎಂದಳು. ಹೂಂ ಎಂದೆ.

ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು.

"ಬೇಡ ಅಂತ ನನಗೆ ಹೇಳಿದ್ರೆ ಸಾಕಿತ್ತಲ್ಲ."

"ಹೆದರಿಕೆ ಆಯ್ತು."

"ಸೀಟಿಗೆ ಹೆದರಿದೆ, ಸರಿ. ಟಾಕೀಸಿಗೆ ಹೆದರಿದೆ, ಅದೂ ಸರಿ. ನನಗೂ ಹೆದರಿದ್ಯಾ?"

ಬೇಡ ಎಂದರೆ ಅವಳ ಮುಖ ಹೇಗಾಗುತ್ತದೋ ಎಂದು ಹೆದರಿದ್ದೆ. ಈಗ ಆ ಮುಖವನ್ನು ಎದುರಿಗೇ ನೋಡುತ್ತಿದ್ದೆ.

"ಹತ್ತು ದಿನದಿಂದ ನಾನು ನನ್ನ ನಾಲಿಗೆನೇ ಬೈಕೊಂಡು ಓಡಾಡ್ತಿದ್ದೀನಿ" ಅಂದಳು. "ನೀನು ಎದುರಿಗೆ ಕೂತು ನೋಡ್ತಿದ್ದೆ."

ಅರ್ಧ ಬಿಗಿದಿದ್ದ ಡಾಕ್ಟರ ಕೊನೆಯ ಕುರ್ಚಿಯನ್ನು ಪೂರ್ತಿ ಮುಗಿಸಿದಳು. ಮೂಲೆಗಳನ್ನು ಎಂದಿನಂತೆ ಚೆಂದವಾಗಿ ಮಡಿಸಿದಳು. ಆಮೇಲೆ ತನ್ನ ಸುತ್ತಿಗೆ, ಇಕ್ಕಳ ಚೀಲಕ್ಕೆ ಹಾಕಿಕೊಂಡು ಹೋದಳು. ಪಿನ್ನು ಹೊಡೆಯುವ ಗನ್ನು ಅವಳದೇ ಆಗಿತ್ತು. ಬಿಟ್ಟುಹೋಗಿದ್ದಾಳೆ.

ಜುಲೈ ೨೦, ಶನಿವಾರ

ಅಂಗಡಿ ತೆರೆಯಲಿಲ್ಲ.

ಜುಲೈ ೨೨, ಸೋಮವಾರ

ತೆರೆಯಲಿಲ್ಲ. ಸಂಜೆ ಅವಳ ಮನೆಗೆ ಹೋದೆ. ಅವಳ ಗಂಡ ಬಾಗಿಲಲ್ಲೇ ನಿಂತು, "ಮಲಗಿದ್ದಾಳಮ್ಮ" ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

ಮನೆಗೆ ಬಂದು ಎಲ್ಲವನ್ನೂ ಇವರಿಗೆ ಹೇಳಿದೆ. ಇವರು ಬಹಳ ಹೊತ್ತು ಕನ್ನಡಕ ಒರೆಸಿದರು. "ನಾನು ಬೇಡ ಅಂದಿರಲಿಲ್ಲವಲ್ಲ" ಅಂದರು. "ಅವತ್ತು ನೀನು ಹೂಂ ಅಂದಿದ್ರೆ ನಾನೂ ರಜೆ ಹಾಕಿ ಸೀಟು ಹೊರೋಕೆ ಬರ್ತಿದ್ದೆ."

ನಾನು ಯಾರ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದೇನೆ ಈ ಜನ್ಮದಲ್ಲಿ.

ಜುಲೈ ೨೫, ಗುರುವಾರ

ಅಂಗಡಿ ಮುಚ್ಚಿಬಿಡುವುದೆಂದು ಹೋದೆ. ಒಪ್ಪಿಕೊಂಡಿದ್ದ ಕುರ್ಚಿಗಳು ಎರಡು ಉಳಿದಿದ್ದವು. ಅವನ್ನು ಹಾಗೇ ಹಿಂದಿರುಗಿಸುವುದಾದರೆ ಗಿರಾಕಿಗಳ ಜೊತೆ ಮಾತಾಡಬೇಕು. ಮಾತಾಡುವುದಕ್ಕಿಂತ ಮುಗಿಸಿ ಕೊಡುವುದೇ ಸುಲಭ ಎನಿಸಿತು. ಬಟ್ಟೆ ಕತ್ತರಿಸಿದೆ, ಹೊಲಿದೆ. ಎಳೆದು ಬಿಗಿಯುವುದು ಮಾತ್ರ ಬರುತ್ತಿಲ್ಲ. ಮೂಲೆ ಮಡಿಸಿದರೆ ಮುದುಡಿದ ಕಿವಿಯ ಹಾಗೆ ಕಾಣುತ್ತದೆ. ಬಿಚ್ಚಿದೆ, ಮತ್ತೆ ಮಡಿಸಿದೆ. ಹೆಬ್ಬೆರಳಿಗೆ ಪಿನ್ನು ಹೊಕ್ಕಿತು. ಅವಳು ಹೇಗೆ ಮಡಿಸುತ್ತಿದ್ದಳು ಎಂದು ನೆನಪು ಮಾಡಿಕೊಂಡರೆ ಅವಳ ಬಾಯೊಳಗಿನ ಪಿನ್ನುಗಳೇ ಕಣ್ಣಿಗೆ ಬರುತ್ತವೆ, ಕೈ ಬರುವುದಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದು ನಾನು ಅವಳ ಕೈ ನೋಡಿರಲೇ ಇಲ್ಲ.

ಆಗಸ್ಟ್ ೧, ಗುರುವಾರ

ಮೂಲೆ ಪರವಾಗಿಲ್ಲ ಈಗ. ಮುಚ್ಚುವುದನ್ನು ಮುಂದಿನ ತಿಂಗಳು ನೋಡೋಣ. ಹೊಸದಾಗಿ ಒಂದು ಸೋಫಾ ಬಂದುಬಿಟ್ಟಿದೆ.

ಅವಳು ಬಸ್ ಡಿಪೋದಲ್ಲಿ ಸೀಟು ಹೊಲಿಯುವ ಕೆಲಸಕ್ಕೆ ಸೇರಿದ್ದಾಳಂತೆ. ಮೇಷ್ಟ್ರು ಹೇಳಿದರು. ಮತ್ತೆ ಮೇಸ್ತ್ರಿಯ ಕೈಕೆಳಗೆ. ಮೇಸ್ತ್ರಿ ಇಲ್ಲದ ಜಾಗ ಬೇಕೆಂದೇ ಅವಳು ಈ ಅಂಗಡಿ ಬಯಸಿದ್ದು.

ಆಗಸ್ಟ್ ೧೪, ಬುಧವಾರ

ಇವತ್ತೂ ಅವಳದೇ ನೆನಪು. ಫೋಮಿನ ವ್ಯಾಪಾರಿ ಮತ್ತೆ ತೆಳ್ಳಗಿನದನ್ನೇ ಕಳಿಸಿದ್ದ. ಇಳಿಸಬೇಡ, ತಿರುಗಿ ತಗೊಂಡು ಹೋಗು ಎಂದು ಗಾಡಿಯವನನ್ನು ವಾಪಸ್ಸು ಕಳಿಸಿದೆ. ವ್ಯಾಪಾರಿ ಫೋನ್ ಮಾಡಿ ಕೂಗಾಡಿದ. ಕೂಗಿ ಮುಗಿಯುವವರೆಗೆ ಕಾದು, ನಾಳೆ ದಪ್ಪದ್ದು ಬರದಿದ್ದರೆ ಬೇರೆ ಕಡೆ ತರಿಸುತ್ತೇನೆ ಎಂದೆ. ಸಂಜೆಗೇ ಕಳಿಸಿದ. ಅದೇನು ದೊಡ್ಡ ವಿಷಯವಲ್ಲ. ಬರೆಯಲು ಹೊರಟದ್ದು ಬೇರೆ. ಗೋಡೆಯ ಬಾತುಕೋಳಿಗಳ ಕೆಳಗೆ ಅವಳು ಪೆನ್ಸಿಲಿನಲ್ಲಿ ನಮ್ಮಿಬ್ಬರ ನಿಜವಾದ ಹೆಸರು ಬರೆದಿದ್ದಾಳೆ. ಯಾವಾಗ ಬರೆದಳೋ. ಇವತ್ತು ಬೆಂಚು ಸರಿಸಿದಾಗ ಕಂಡಿತು. ನೋಡಿ ಸುಮಾರು ಹೊತ್ತು ಕೆಲಸ ಓಡಲಿಲ್ಲ.

ಆಗಸ್ಟ್ ೨೭, ಮಂಗಳವಾರ

ಮಾಲು ಇಡಲು ಜಾಗ ಸಾಲದೆ ಡಾರ್ಕ್ ರೂಮಿನಲ್ಲಿ ಸೂರಿನವರೆಗೆ ಫೋಮು ತುಂಬಿಸಿದೆ. ಈಗ ಅಲ್ಲಿ ಇಲಿ ನುಗ್ಗಲೂ ಜಾಗವಿಲ್ಲ.

ಅತ್ತೆ ಇವತ್ತು ಮುಖ ಗಂಟು ಹಾಕಿಕೊಂಡಿದ್ದಾರೆ. "ಮೊದ್ಲು ನೀನು ಮಾತಾಡಿದ್ರೆ ನನ್ನ ಕಿವಿ ನಿನ್ನ ಬಾಯಿ ಹತ್ರ ತರಬೇಕಿತ್ತು. ಈಗ ಅಡಿಗೆಮನೇಲಿ ಮಾತಾಡಿದ್ರೆ ಬೀದಿಗೆ ಕೇಳುತ್ತೆ" ಎಂದರು. ಹಿರಿಯರ ಮುಂದೆ ಜೋರು ಮಾಡಿದೆನೇನೋ. ಬೇಜಾರಾಯಿತು. ಅಂಗಡಿಯ ಗಲಾಟೆಯಲ್ಲಿ ನನ್ನ ನಡತೆ ಕೆಡುತ್ತಿದೆ.

ಮಗಳು ಮಾತ್ರ ಒಳಗೆ ಬಂದು, "ಅಜ್ಜಿ ಪಕ್ಕದ ಮನೆಯವರ ಹತ್ರ ನಿನ್ನ ಹೊಗಳ್ತಿದ್ರು ಕಣಮ್ಮ" ಎಂದಳು. ಸಮಾಧಾನಕ್ಕೆ ಹೇಳಿರುತ್ತಾಳೆ.

ಸೆಪ್ಟೆಂಬರ್ ೭, ಶನಿವಾರ

ಟಾಕೀಸು ತೆರೆಯಿತು. ಮಗಳು ಗೆಳತಿಯರೊಂದಿಗೆ ಹೋಗಿ ಬಂದಳು. ಸೀಟು ಹೇಗಿವೆ ಎಂದು ಕೇಳಿದೆ. "ಸೀಟು ಯಾರು ನೋಡ್ತಾರಮ್ಮ, ಕೂತ್ವಿ ಅಷ್ಟೆ" ಅಂದಳು.

ಯಾರೂ ನೋಡುವುದಿಲ್ಲ. ನಾನು ಕಂಡ ಆ ನಗುವ ಜನ ಯಾರು ಹಾಗಾದರೆ. ಅವರು ಎಲ್ಲೂ ಇರಲಿಲ್ಲ. ಅವರಿಗೋಸ್ಕರ ನಾನು ಗಡಿಬಿಡಿಯನ್ನು ಕಳೆದುಕೊಂಡೆ.

ಸೆಪ್ಟೆಂಬರ್ ೧೭, ಮಂಗಳವಾರ

ಊರಿನ ದೊಡ್ಡ ಗ್ರಂಥಾಲಯದ ಮೇಲ್ವಿಚಾರಕಿ ಬಂದಿದ್ದರು. ಎತ್ತರದ ಹೆಂಗಸು, ಅಂಗಡಿಯಲ್ಲೂ ಪಿಸುಮಾತಿನಲ್ಲೇ ಮಾತಾಡುತ್ತಾರೆ. ಓದುವ ಕೋಣೆಯ ಕುರ್ಚಿಗಳೆಲ್ಲ ಹಾಳಾಗಿವೆ, ಹೋಗಿ ನೋಡಬೇಕಂತೆ. ಅವರ ಜೊತೆಯಲ್ಲೇ ಹೋಗಿ ನೋಡಿ ಬಂದೆ. ಉದ್ದನೆಯ ಮೇಜುಗಳು, ಎರಡೂ ಬದಿಗೆ ಕುರ್ಚಿ, ಕೆಳಗಿನ ಪಟ್ಟಿ ಹರಿದು ಸೀಟು ಕುಸಿದು, ಕೂತವರು ಮಗುವಿನ ಹಾಗೆ ಗಲ್ಲವನ್ನು ಮೇಜಿಗೆ ತಾಗಿಸಿಕೊಂಡು ಓದುತ್ತಿದ್ದಾರೆ. ಒಂದನ್ನು ಬೋರಲು ಹಾಕಿ ಚೌಕಟ್ಟು ಗಟ್ಟಿಯಿದೆಯೇ ನೋಡಿದೆ. ಅರ್ಧದಷ್ಟು ಕುರ್ಚಿ ಮೊದಲು, ಓದುವವರಿಗೆ ತೊಂದರೆಯಾಗದ ಹಾಗೆ ಉಳಿದರ್ಧ ಆಮೇಲೆ ಮಾಡಿಕೊಡಬಹುದು ಎಂದೆ. ಅವರು ಕೇಳಿದಷ್ಟು ಬೇಗ ಆಗುವುದಿಲ್ಲ ಎಂದೂ ಹೇಳಿದೆ. ಒಪ್ಪಿದ ಹಾಗೆ ಕಂಡರು. ಮೇಲಿನವರನ್ನು ಕೇಳಿ ತಿಳಿಸುತ್ತಾರಂತೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಇದನ್ನು ಅವಳಿಗೆ ಹೇಳಬೇಕು. ಇದು ಅವಳ ಕೆಲಸ. ಅವಳು ವಾಪಸ್ಸು ಬರಲು ಇದೊಂದು ನೆಪ.

ಸೆಪ್ಟೆಂಬರ್ ೨೨, ಭಾನುವಾರ

ಹೋಗಿದ್ದೆ. ಈ ಸಲ ಅವಳೇ ಬಾಗಿಲು ತೆರೆದಳು. "ಬಾ" ಅಂದಳು. ತೆಳ್ಳಗಾಗಿದ್ದಾಳೆ. ಮನೆಯಲ್ಲಿ ಸದ್ದೇ ಇಲ್ಲ. ಮೊದಲೆಲ್ಲ ಅವಳ ಮನೆಯಲ್ಲಿ ಭಾಷಣದ ಆ ಕೋಟಿನ ಮನುಷ್ಯ ಮೊಬೈಲಿನಲ್ಲಿ ಕೂಗುತ್ತಲೇ ಇರುತ್ತಿದ್ದ.

ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಾನು ಮಾಡಿದ್ದು ತಪ್ಪು" ಎಂದೆ. "ಫೋನ್ ಮಾಡಿದ್ದಕ್ಕಿಂತ, ಆಮೇಲೆ ನೀನು ನಿನ್ನನ್ನೇ ಬೈಕೊಳ್ತಿದ್ದಾಗ ಸುಮ್ಮನಿದ್ನಲ್ಲ, ಅದು."

ಅವಳು ಚಹಾ ತಂದಿಟ್ಟಳು. ನನಗೆ ಸಕ್ಕರೆ ಕಮ್ಮಿ ಎಂಬುದು ಅವಳಿಗಿನ್ನೂ ನೆನಪಿದೆ.

ಗ್ರಂಥಾಲಯದ ವಿಷಯ ಹೇಳಿದೆ. ಕುರ್ಚಿ ಹೇಗಿವೆ, ಯಾವ ಬಟ್ಟೆ ತಾಳುತ್ತದೆ, ಯಾವುದನ್ನು ಮೊದಲು ಮಾಡಬೇಕು, ಎಲ್ಲ. ಅವಳು ನನ್ನನ್ನೇ ನೋಡುತ್ತ ಕೇಳಿಸಿಕೊಂಡಳು. "ಅಷ್ಟನ್ನೂ ನೀನೇ ಹೋಗಿ ಮಾತಾಡಿದ್ಯಾ?" ಎಂದಳು.

"ಮತ್ತಿನ್ಯಾರು ಮಾತಾಡ್ತಾರೆ, ನೀನಿಲ್ಲವಲ್ಲ. ಬಾ ವಾಪಸ್ಸು. ಮೊದಲಿನ ಹಾಗೇ ಅರ್ಧ ಅರ್ಧ."

ಅಷ್ಟರಲ್ಲಿ ಅವಳ ಗಂಡ ಒಳಗಿನಿಂದ, "ಡಿಪೋದಲ್ಲಿ ಇವಳನ್ನೇ ಮೇಸ್ತ್ರಿ ಮಾಡ್ತೀವಿ ಅಂದ್ರಮ್ಮ. ಒಲ್ಲೆ ಅಂದುಬಿಟ್ಲು" ಎಂದರು.

"ಯಾಕೆ ಬೇಕು ಉಸಾಬರಿ" ಅಂದಳು ಗಡಿಬಿಡಿ. "ಹೇಳಿದ್ದು ಹೊಲಿದರೆ ಮುಗೀತು. ಯಾರ ಜೊತೆಗೂ ಮಾತಾಡೋ ಹಾಗಿಲ್ಲ, ಆಮೇಲೆ ಜಾಸ್ತಿ ಆಯ್ತೇನೋ ಅಂತ ಕೊರಗೋ ಹಾಗಿಲ್ಲ."

ಇದು ನನ್ನ ಮಾತು. ನನ್ನ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಕೂರಲಾಗಲಿಲ್ಲ.

"ನನ್ನ ಮೇಲಿನ ಸಿಟ್ಟಿಗೆ ಹೀಗನ್ನಬೇಡ ಕಣೆ" ಎಂದೆ.

"ಸಿಟ್ಟಿಲ್ಲ. ಸಿಟ್ಟಿದ್ದಿದ್ರೆ ಜಗಳ ಆಡಿ ವಾಪಸ್ ಬಂದಿರ್ತಿದ್ದೆ." ಲೋಟದ ಅಂಚನ್ನು ಬೆರಳಲ್ಲಿ ಸವರುತ್ತ ಕೂತಳು. "ನೀನು ನನ್ನನ್ನ ಧೈರ್ಯವಂತೆ ಅಂದ್ಕೊಂಡಿದ್ದೆ ಅಲ್ವಾ? ಆ ಭಾಷಣ ನಾನು ಯಾಕೆ ಹಾಕ್ಕೋತಿದ್ದೆ ಅಂದ್ಕೊಂಡಿದ್ದೀಯ. ನನಗೂ ಕೈಕಾಲು ನಡುಗೋದು. ಆದರೆ ನೀನು ಡಾರ್ಕ್ ರೂಮ್ ಒಳಗೆ ಹೋಗಿ ನಿಂತ್ಕೊಂಡ್ರೆ ಆಚೆ ಯಾರಾದ್ರೂ ನಿಲ್ಲಬೇಕಲ್ಲ. ನನ್ನ ಹಿಂದೆ ಒಬ್ಬಳಿದ್ದಾಳೆ, ನಂಬಿದ್ದಾಳೆ ಅಂತ ಧೈರ್ಯ ತಂದ್ಕೋತಿದ್ದೆ. ತಿರುಗಿ ನೋಡಿದ್ರೆ ನೀನಿರಲಿಲ್ಲ."

ಚಹಾ ಕುಡಿದು ಎದ್ದೆ. ಬಾಗಿಲವರೆಗೆ ಬಂದಳು. "ಒಪ್ಕೋ ಆ ಕೆಲಸ" ಅಂದಳು. "ಮೂಲೆ ಮಡಿಸುವಾಗ ಮೊದಲು ಒದ್ದೆ ಬಟ್ಟೆ ಒತ್ತು, ಸುಕ್ಕು ಬರಲ್ಲ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರ್ ೨೪, ಮಂಗಳವಾರ

ಒದ್ದೆ ಬಟ್ಟೆ ಒತ್ತಿ ನೋಡಿದೆ. ಸುಕ್ಕು ಬರಲಿಲ್ಲ.

ಅವಳಿಗೂ ಹೆದರಿಕೆಯಿತ್ತು. ಒಂದು ಸಲವೂ ಕೇಳಲಿಲ್ಲ ನಾನು. ನನ್ನ ಹೆದರಿಕೆಯೇ ಅಷ್ಟು ದೊಡ್ಡದಾಗಿತ್ತು ನನಗೆ, ಪಕ್ಕದಲ್ಲಿ ಇನ್ನೊಬ್ಬಳು ನಡುಗುತ್ತಿದ್ದದ್ದು ಕಾಣಲಿಲ್ಲ. ಇಬ್ಬರೂ ಒಟ್ಟಿಗೆ ಹೆದರಿದ್ದರೆ ಆ ಟಾಕೀಸೇನು ಮಹಾ ಆಗಿತ್ತು.

ಅಕ್ಟೋಬರ್ ೭, ಸೋಮವಾರ

ಗ್ರಂಥಾಲಯದವರು ಒಪ್ಪಿದ್ದಾರೆ. ಬೆಳಿಗ್ಗೆ ಹೋಗಿ ಕುರ್ಚಿಗಳ ಮೊದಲ ಕಂತು ಗಾಡಿಗೆ ಹಾಕಿಸಿದೆ. ಇವರು ರಜೆ ಹಾಕಿ ಬಂದಿದ್ದರು. ಒಂದೊಂದು ಕುರ್ಚಿಯನ್ನೂ ತಿರುಗಿಸಿ ಮುರುಗಿಸಿ ನೋಡಿಯೇ ಹೊತ್ತರು, ಸಹಿ ಹಾಕುವವರ ಹಾಗೆ.

ಹೊರಡುವ ಮೊದಲು ಮೇಲ್ವಿಚಾರಕಿ ಒಂದು ಕಾಗದ ತುಂಬಿಸುತ್ತಿದ್ದರು. "ನಿಮ್ಮ ಅಂಗಡಿಯಲ್ಲಿ ಎಷ್ಟು ಜನ ಕೆಲಸ ಮಾಡ್ತೀರಿ?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಒಬ್ಬಳೇ" ಎಂದೆ. ಅವರು ಬರೆದುಕೊಂಡರು. ಅಲ್ಲಿಗೆ ಸುಮ್ಮನಿರಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಇಬ್ಬರಿರಬೇಕಿತ್ತು" ಎಂದೆ. ಆ ನಿಶ್ಶಬ್ದ ಕೋಣೆಯಲ್ಲಿ ಅದು ಎಷ್ಟು ಜೋರಾಗಿ ಕೇಳಿಸಿತೆಂದರೆ, ಓದುತ್ತಿದ್ದವರೆಲ್ಲ ತಲೆಯೆತ್ತಿ ನನ್ನ ಕಡೆ ನೋಡಿದರು.

ನಾನು ಅಲ್ಲೇ ನಿಂತಿದ್ದೆ.